ಡಾಕ್ಟ್ರ ಮುಂದೆ ‘ಹೂಂ ಸಾರ್’, ನಮ್ಮ ಕೌಂಟರಲ್ಲಿ ನೂರು ಡೌಟು: ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನದಲ್ಲಿ ನಂದೊಂದು ಮೆಡಿಕಲ್ ಶಾಪಿದೆ, ಹತ್ತೊಂಬತ್ತು ವರ್ಷ ಆಯ್ತು. ಆಲೂರು, ಬೇಲೂರು, ಅರಸೀಕೆರೆ, ಸಕಲೇಶಪುರ ಕಡೆಯಿಂದ ಬೆಳಗ್ಗೆ ಬಸ್ಸಿಗೆ ಬಂದು, ಓಪಿ ಚೀಟಿ ಮಾಡ್ಸಿ, ಕ್ಯೂ ನಿಂತು, ಡಾಕ್ಟ್ರನ್ನ ನೋಡ್ಕೊಂಡು ಮಧ್ಯಾಹ್ನದ ಹೊತ್ತಿಗೆ ನಮ್ಮ ಕೌಂಟರ್ ಹತ್ರ ಬರ್ತಾರೆ. ಡಾಕ್ಟ್ರು ಏನಂದ್ರು ಅಂತ ಕೇಳಿದ್ರೆ "ಏನೋ ಅಂದ್ರು ಕಣಣ್ಣ, ನಾನು ಹೂಂ ಅಂದೆ" ಅಂತಾರೆ. ಈ ಹೂಂ ಇದ್ಯಲ್ಲ, ಅರ್ಥ ಆದ್ರೂ ಹೂಂ ಆಗ್ದಿದ್ರೂ ಹೂಂ, ಡಾಕ್ಟ್ರು ಅದನ್ನ ಅರ್ಥ ಆಯ್ತು ಅಂತ ತಗೊಂಡು ಮುಂದಿನವರನ್ನ ಕರೀತಾರೆ, ಇವ್ರು ಬಾಗ್ಲು ದಾಟಿದ್ಮೇಲೆ ಡೌಟು ಶುರು ಆಗುತ್ತೆ, ಅದೆಲ್ಲ ಬಂದು ಬೀಳೋದು ನನ್ ಮೇಲೆ. ಅದಕ್ಕೆ ಜಾಸ್ತಿ ಕೇಳೋವನ್ನ ಒಂದ್ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟ್ರಲ್ಲ, ಡಿ.ಫಾರ್ಮ ಓದಿರೋನು, ಇದನ್ನ ಓದಿ ಮಾತ್ರೆ ನೀವೇ ಬದಲಾಯಿಸ್ಕೋಬೇಡಿ, ಡಾಕ್ಟ್ರ ಹತ್ರ ಏನು ಕೇಳ್ಬೇಕು ಅಂತ ತಿಳ್ಕೊಳ್ಳಿ ಸಾಕು.

ಖಾಲಿ ಹೊಟ್ಟೆ ಅಂದ್ರೆ ಕಾಫಿನೂ ಕುಡೀಬಾರ್ದಾ?

ಕುಡೀಬಾರ್ದು. ಇದನ್ನೇ ಮೊದಲನೇ ಪ್ರಶ್ನೆ ಮಾಡಿರೋದು ಯಾಕಂದ್ರೆ ನಮ್ಮ ಕಡೆ ಕಾಫಿನ ಯಾರೂ ಹೊಟ್ಟೆಗೆ ಹಾಕ್ಕೊಳೋ ಪದಾರ್ಥ ಅಂತ ಲೆಕ್ಕಕ್ಕೆ ಹಿಡಿಯಲ್ಲ. ತಿಂಡಿ ತಿಂದ್ರೆ ತಾನೆ ಹೊಟ್ಟೆ ತುಂಬೋದು, ಕಾಫಿ ಎದ್ದ ತಕ್ಷಣ ಮುಖ ತೊಳೆದಂಗೆ.

ಸಕಲೇಶಪುರದ ಕಡೆ ಒಬ್ರು ಅಜ್ಜಿ ನನ್ನ ಹತ್ರ ಥೈರಾಯ್ಡ್ ಮಾತ್ರೆ ತಗೋತಿದ್ರು. ಶುರುಲಿ 50 ಇತ್ತು, ಆಮೇಲೆ 75 ಆಯ್ತು, ಆಮೇಲೆ 100 ಮೈಕ್ರೋಗ್ರಾಂ. ಪ್ರತಿ ಸಲ ರಕ್ತ ಪರೀಕ್ಷೆ ಮಾಡ್ಸಿದಾಗ್ಲೂ ಟಿಎಸ್ಎಚ್ (ಥೈರಾಯ್ಡ್ ಹೆಂಗಿದೆ ಅಂತ ತೋರ್ಸೋ ನಂಬರ್) ಇಳೀತಿರ್ಲಿಲ್ಲ, ಡಾಕ್ಟ್ರು ಡೋಸ್ ಏರಿಸ್ತಿದ್ರು. ಒಂದಿನ ಅಂಗಡಿ ಖಾಲಿ ಇತ್ತು, ಹಂಗೇ ಮಾತಾಡ್ತಾ "ಅಜ್ಜಿ, ಮಾತ್ರೆ ಹೆಂಗೆ ನುಂಗ್ತೀರ ತೋರ್ಸಿ" ಅಂದೆ. ಬಲಗೈ ಲೋಟ ಹಿಡಿದಂಗೆ ಮಾಡಿ, ಎಡಗೈಲಿ ಮಾತ್ರೆ ನಾಲಿಗೆ ಮೇಲೆ ಇಟ್ಟಂಗೆ ಮಾಡಿ, ಸೊರ್ ಅಂತ ಎಳೆದು ತೋರ್ಸಿದ್ರು. ಏನಜ್ಜಿ ಅದು ಲೋಟದಲ್ಲಿ ಅಂದ್ರೆ "ಕಾಫಿ ಕಣಪ್ಪ, ಇನ್ನೇನು." ಡಾಕ್ಟ್ರು ಪ್ರತಿ ಸಲ ಖಾಲಿ ಹೊಟ್ಟೆಲಿ ತಾನೆ ತಗೋತಿರೋದು ಅಂತ ಕೇಳಿದಾರೆ, ಅಜ್ಜಿ ಹೂಂ ಅಂದಿದಾರೆ, ಇಬ್ರೂ ಸುಳ್ಳು ಹೇಳಿಲ್ಲ! ಕಾಫಿ ಜೊತೆ ಹೋದ್ರೆ ಆ ಮಾತ್ರೆ ಮೈಗೆ ಸರಿಯಾಗಿ ಹಿಡಿಯಲ್ಲ. ಬರೀ ನೀರಲ್ಲಿ ನುಂಗಿ ಕಡಿಮೆ ಅಂದ್ರೆ ಅರ್ಧ ಗಂಟೆ, ಆಗೋದಾದ್ರೆ ಒಂದು ಗಂಟೆ ಬಿಟ್ಟು ಕಾಫಿ ಕುಡೀಬೇಕು, ಕಬ್ಬಿಣದ ಮಾತ್ರೆ ಕ್ಯಾಲ್ಸಿಯಂ ಮಾತ್ರೆ ಇದ್ರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಗ್ಯಾಪ್ ಇರ್ಬೇಕು. ಅಜ್ಜಿಗೆ ಇದನ್ನ ಡಾಕ್ಟ್ರಿಗೆ ಹೋಗಿ ಹೇಳಿ ಅಂತ ಕಳ್ಸಿದೆ, ಯಾಕಂದ್ರೆ ಕಾಫಿ ಬಿಟ್ಟು 100 ನುಂಗಿದ್ರೆ ಈಗ ಡೋಸ್ ಜಾಸ್ತಿನೂ ಆಗ್ಬಹುದು, ಅದನ್ನ ನೋಡೋರು ಅವ್ರೇ.

ಫಾಸ್ಟಿಂಗ್ ಶುಗರ್ ಟೆಸ್ಟಿಗೂ ಇದೇ ಕಥೆ. ರಾತ್ರಿ ಊಟ ಆದ್ಮೇಲೆ ಎಂಟು ಗಂಟೆ ನೀರು ಬಿಟ್ಟು ಏನೂ ತಗೋಬಾರ್ದು. ಬಸ್ಸ್ಟ್ಯಾಂಡಲ್ಲಿ ಸಕ್ಕರೆ ಹಾಕಿದ ಒಂದು ಕಾಫಿ ಕುಡ್ದು ಲ್ಯಾಬಿಗೆ ಹೋಗಿ ಕೈ ಚಾಚಿದ್ರೆ ಬರೋ ನಂಬರ್ ಫಾಸ್ಟಿಂಗ್ ಅಲ್ಲ. 100ರ ಒಳಗಿದ್ರೆ ನಾರ್ಮಲ್, 126 ದಾಟಿದ್ರೆ ಶುಗರ್ ಇರ್ಬಹುದು ಅಂತ ಇನ್ನೊಂದು ಸಲ ಟೆಸ್ಟ್ ಮಾಡ್ಸಿ ನೋಡ್ತಾರೆ, ಇಂಥಾ ಲೆಕ್ಕದಲ್ಲಿ ಒಂದು ಲೋಟ ಕಾಫಿ ನಿಮ್ಮನ್ನ ಆ ಕಡೆಯಿಂದ ಈ ಕಡೆಗೆ ತಳ್ಳುತ್ತೆ. ಊಟ ಆದ್ಮೇಲಿನ ಟೆಸ್ಟು ಎರಡು ಗಂಟೆ ಅಂತಾರಲ್ಲ, ಅದು ಮೊದಲನೇ ತುತ್ತು ಬಾಯಿಗಿಟ್ಟಾಗಿಂದ ಎರಡು ಗಂಟೆ, ಕೈ ತೊಳೆದಾಗಿಂದ ಅಲ್ಲ. ಇನ್ ಕೆಲವ್ರು ಉಲ್ಟಾ, ಫಾಸ್ಟಿಂಗ್ ಅಂದ್ರೆ ಏಕಾದಶಿ ಉಪವಾಸ ಅನ್ಕೊಂಡು ಬೆಳಗ್ಗಿನ ಬಿಪಿ ಮಾತ್ರೆನೂ ಬಿಟ್ಟು ತಲೆ ಸುತ್ತಿಸ್ಕೊಂಡು ಬರ್ತಾರೆ. ಯಾವ್ ಮಾತ್ರೆ ತಗೋಬೇಕು ಯಾವ್ದು ಬಿಡ್ಬೇಕು ಅಂತ ಟೆಸ್ಟ್ ಬರ್ಸ್ಕೊಳೋವಾಗ್ಲೇ ಕೇಳ್ಬಿಡಿ.

ಅಣ್ಣ, ಚೀಟಿಲಿ ಏನ್ ಬರೆದವ್ರೆ ನೋಡು, ಎಷ್ಟ್ ಹೊತ್ತಿಗೆ ತಗೋಬೇಕು?

1-0-1 ಅಂದ್ರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಒಡಿ ಅಂದ್ರೆ ದಿನಕ್ಕೊಂದು, ಬಿಡಿ ಎರಡು, ಟಿಡಿಎಸ್ ಮೂರು. ಎಚ್ಎಸ್ ಅಂದ್ರೆ ಮಲಗೋ ಮುಂಚೆ. ಎಸ್ಓಎಸ್ ಅಂದ್ರೆ ಬೇಕು ಅನ್ಸಿದಾಗ ಮಾತ್ರ, ನೋವಿದ್ರೆ ತಗೋ ಇಲ್ಲಾಂದ್ರೆ ಬೇಡ. ಎಸ್ಓಎಸ್ ನೋವಿನ ಮಾತ್ರೆನ ತಿಂಗ್ಳುಗಟ್ಲೆ ದಿನಾ ನುಂಗಿ ಹೊಟ್ಟೆ ಹುಣ್ಣು ಮಾಡ್ಕೊಂಡೋರನ್ನ ನೋಡಿದೀನಿ.

ಎಲ್ಲಕ್ಕಿಂತ ಹೆದ್ರಿಕೆ ಆಗೋದು ವಾರಕ್ಕೊಂದ್ಸಲದ ಮಾತ್ರೆಗಳು. ಕೀಲುವಾತಕ್ಕೆ ಕೊಡೋ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಅದನ್ನ ದಿನಾ ತಗೊಂಡ್ರೆ ರಕ್ತ ಕಣಗಳು ಕುಸಿದು ಜೀವಕ್ಕೇ ಬರುತ್ತೆ. ದಿನಾ ನುಂಗೋ ಅಭ್ಯಾಸ ಇರೋರಿಗೆ ವಾರಕ್ಕೊಂದು ಅನ್ನೋದು ತಲೆಗೆ ಹೋಗೋದೇ ಕಷ್ಟ. ನಾನು ಕವರ್ ಮೇಲೆ ‘ಸೋಮವಾರ ಮಾತ್ರ’ ಅಂತ ದಪ್ಪ ಪೆನ್ನಲ್ಲಿ ಬರೆದು, ಅವ್ರ ಬಾಯಲ್ಲಿ ಒಂದ್ಸಲ ಹೇಳಿಸಿ ಕಳಿಸ್ತೀನಿ. ಹಾಸನದಲ್ಲಿ ಮಂಗಳವಾರ ಸಂತೆ ಅಂದ್ರೆ ಯಾರಿಗೂ ಮರಿಯಲ್ಲ, ಅದೇ ಲೆಕ್ಕದಲ್ಲಿ ನಿಮ್ಮೂರ ಸಂತೆ ದಿನಕ್ಕೆ ಕಟ್ಟಿ ಹಾಕ್ಕೊಂಡ್ರೂ ಆಯ್ತು, ಡಾಕ್ಟ್ರಿಗೆ ಕೇಳಿ ಯಾವ್ ದಿನ ಅಂತ ಒಂದೇ ದಿನ ಫಿಕ್ಸ್ ಮಾಡ್ಕೊಳ್ಳಿ.

ಬರವಣಿಗೆ ಅರ್ಥ ಆಗ್ದಿದ್ರೆ ನಾಚ್ಕೋಬೇಡಿ, ಸುಮಾರು ಸಲ ನಂಗೇ ಆಗಲ್ಲ. ಡಾಕ್ಟ್ರು ಮಾತ್ರೆ ಹೆಸರನ್ನ ಅದರ ಜೆನೆರಿಕ್ ಹೆಸರಲ್ಲಿ (ಕಂಪನಿ ಇಟ್ಟ ಹೆಸರಲ್ಲ, ಒಳಗಿರೋ ಔಷಧಿ ಹೆಸರು), ಓದೋಕೆ ಬರೋ ಹಂಗೆ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೀಬೇಕು ಅಂತ ಮೆಡಿಕಲ್ ಕೌನ್ಸಿಲ್ 2016ರಲ್ಲಿ ರೂಲ್ಸ್ ತಿದ್ದುಪಡಿ ಮಾಡಿದೆ. "ಸಾರ್, ಇದೊಂದು ಸ್ವಲ್ಪ ಬಿಡಿಸಿ ಬರೀರಿ, ಮನೇಲಿ ಮಗಳು ಓದಿ ಕೊಡ್ಬೇಕು" ಅಂದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ.

ಎರಡು ಕಡೆ ತೋರಿಸ್ತಿದೀವಿ, ಒಬ್ರಿಗೆ ಇನ್ನೊಬ್ರ ವಿಷ್ಯ ಹೇಳ್ಬೇಕಾ?

ಹೇಳ್ಲೇಬೇಕು. ಇಲ್ಲಿ ಬಿಪಿಗೆ ಟೆಲ್ಮಿಸಾರ್ಟಾನ್ ಬರೆದಿರ್ತಾರೆ, ಬೆಂಗ್ಳೂರಲ್ಲಿ ಮಗ ತೋರ್ಸಿದ ಡಾಕ್ಟ್ರು ಬೇರೆ ಕಂಪನಿದು ಅದನ್ನೇ ಬರೆದಿರ್ತಾರೆ, ಒಂದು ಬಿಳಿ ಸ್ಟ್ರಿಪ್ಪು ಒಂದು ನೀಲಿ ಸ್ಟ್ರಿಪ್ಪು, ಎರಡೂ ನುಂಗಿ ಅಮ್ಮ ಬಚ್ಚಲುಮನೇಲಿ ಕಣ್ ಕತ್ಲೆ ಬಂದು ಬೀಳ್ತಾರೆ. ಪ್ಯಾರಾಸಿಟಮಾಲ್ ಕೂಡ ಹಂಗೆ, ಜ್ವರಕ್ಕೆ ಅಂತ ಒಂದು ಡೋಲೋ 650, ನೆಗಡಿಗೆ ಅಂತ ಇನ್ನೊಂದು, ಆ ನೆಗಡಿ ಮಾತ್ರೆ ಒಳಗೂ ಪ್ಯಾರಾಸಿಟಮಾಲ್ ಇರುತ್ತೆ. ದೊಡ್ಡೋರಿಗೂ ದಿನಕ್ಕೆ 4 ಗ್ರಾಂ ಮೇಲೆ ಹೋಗ್ಬಾರ್ದು, ಲಿವರ್ ಹೊಡೆಯುತ್ತೆ, ಕುಡಿಯೋ ಅಭ್ಯಾಸ ಇದ್ರೆ ಇನ್ನೂ ಕಮ್ಮಿಗೇ. ಹೋಗೋವಾಗ ಮನೇಲಿರೋ ಸ್ಟ್ರಿಪ್ಪೆಲ್ಲ ಒಂದು ಕವರಿಗೆ ಹಾಕ್ಕೊಂಡ್ ಹೋಗಿ ಡಾಕ್ಟ್ರ ಟೇಬಲ್ ಮೇಲೆ ಸುರೀರಿ. "ಬಿಪಿಗೆ ಒಂದು ಚಿಕ್ಕ ಬಿಳಿ ಮಾತ್ರೆ" ಅಂತ ಹೇಳೋದ್ರಿಂದ ಯಾರಿಗೂ ಉಪಯೋಗ ಇಲ್ಲ, ನನ್ ಅಂಗಡಿಲಿ ಚಿಕ್ಕ ಬಿಳಿ ಮಾತ್ರೆಗಳೇ ಎಷ್ಟೋ ಥರ ಇವೆ.

ನೋವು ಹೆಂಗಿದೆ ಅಂತ ಕೇಳ್ತಾರೆ, ನೋವು ನೋವೇ ಅಲ್ವಾ?

ಅಲ್ಲ, ಮತ್ತೆ ಈ ವಿಷ್ಯದಲ್ಲಿ ನಾವು ಅದೃಷ್ಟವಂತರು, ನಮ್ಮ ಭಾಷೇಲಿ ನೋವಿಗೆ ಇರೋವಷ್ಟು ಮಾತು ಎಲ್ಲೂ ಇರಲ್ಲ ಅನ್ಸುತ್ತೆ. ಚುಚ್ಚುತ್ತೆ, ಸೆಳೆಯುತ್ತೆ, ಹಿಂಡುತ್ತೆ, ನುಲಿಯುತ್ತೆ, ತಿವಿಯುತ್ತೆ, ಉರಿಯುತ್ತೆ, ಜೋಮು ಹಿಡಿಯುತ್ತೆ, ಪಟಪಟ ಸಿಡಿಯುತ್ತೆ, ಭಾರ ಇಟ್ಟಂಗಾಗುತ್ತೆ. ಇವು ಒಂದೊಂದೂ ಡಾಕ್ಟ್ರಿಗೆ ಒಂದೊಂದು ದಾರಿ ತೋರಿಸ್ತವೆ. ಪಾದ ಉರಿಯುತ್ತೆ ಜೋಮು ಹಿಡಿಯುತ್ತೆ ಅಂದ್ರೆ ನರದ ಕಡೆ ಶುಗರ್ ಕಡೆ ಯೋಚ್ನೆ ಮಾಡ್ತಾರೆ, ಸೊಂಟದಿಂದ ಹಿಂಗಾಲಿಗೆ ಸೆಳೀತದೆ ಅಂದ್ರೆ ಬೇರೆ ಕಡೆ. ಆದ್ರೆ ಡಾಕ್ಟ್ರ ಎದುರು ಕೂತಾಗ ನಮ್ಮೋರು ಇದೆಲ್ಲ ಬಿಟ್ಟು "ಪೇನ್ ಸಾರ್, ವೀಕ್ನೆಸ್ ಸಾರ್" ಅಂತಾರೆ. ಯಾಕೆ ಸ್ವಾಮಿ, ಮನೇಲಿ ಹೆಂಡ್ತಿ ಹತ್ರ ಹೇಳ್ದಂಗೇ ಹೇಳಿ.

ಯಾವಾಗಿಂದ, ಎಲ್ಲಿ, ಎಲ್ಲಿಗೆ ಹರಿಯುತ್ತೆ, ಏನ್ ಮಾಡಿದ್ರೆ ಜಾಸ್ತಿ, ಏನ್ ಮಾಡಿದ್ರೆ ಕಮ್ಮಿ, ಇಷ್ಟನ್ನೂ ಸೇರಿಸಿ. "ಬಾಳ ದಿನದಿಂದ" ಅಂದ್ರೆ ಡಾಕ್ಟ್ರಿಗೆ ಗೊತ್ತಾಗಲ್ಲ. ತಾರೀಕು ನೆನಪಿರಲ್ಲ ಅಂದ್ರೆ ಹಬ್ಬದ ಲೆಕ್ಕ ಹೇಳಿ, ಯುಗಾದಿ ಆದ್ಮೇಲೆ, ಗೌರಿ ಹಬ್ಬಕ್ಕೆ ಮುಂಚೆ, ಹಾಸನಾಂಬ ದೇವಸ್ಥಾನದ ಬಾಗ್ಲು ತೆಗೆದಾಗ, ಅದೂ ಚೆನ್ನಾಗೇ ಅರ್ಥ ಆಗುತ್ತೆ.

ಎದೆ ಉರಿಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಣ್ಣ, ಡಾಕ್ಟ್ರತ್ರ ಯಾಕೆ ಹೋಗ್ಬೇಕು?

ಗ್ಯಾಸ್ಟ್ರಿಕ್ ಅನ್ನೋ ಪದಾನ ನಮ್ಮ ಜಿಲ್ಲೆಲಿ ನಿಷೇಧ ಮಾಡ್ಬೇಕು. ಹೊಟ್ಟೆ ಉಬ್ಬರ, ಹುಳಿತೇಗು, ಬೆನ್ನಿನ ಹಿಡಿತ, ಸಂಕಟ, ಎದೆ ಒತ್ತು ಎಲ್ಲಕ್ಕೂ ಅದೊಂದೇ ಹೆಸರು ಇಟ್ಬಿಟ್ಟಿದೀವಿ. ನೀವು ಡಾಕ್ಟ್ರ ಹತ್ರನೂ "ಗ್ಯಾಸ್ಟ್ರಿಕ್ ಇದೆ ಸಾರ್" ಅಂತಲೇ ಶುರು ಮಾಡಿದ್ರೆ ಆ ಗಡಿಬಿಡಿಲಿ ಅವ್ರೂ ಅದೇ ದಾರಿ ಹಿಡೀಬಹುದು. ಕಾಯಿಲೆ ಹೆಸರು ನೀವು ಹೇಳ್ಬೇಡಿ, ಏನಾಗ್ತಿದೆ ಅದನ್ನ ಹೇಳಿ. ಎದೆ ಮೇಲೆ ಕಲ್ಲಿಟ್ಟಂಗೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿದಂಗೆ, ಮೈಯೆಲ್ಲ ತಣ್ಣಗೆ ಬೆವರು, ನಾಲ್ಕು ಮೆಟ್ಲು ಹತ್ತಿದ್ರೆ ಏದುಸಿರು, ಇದಕ್ಕೆ ಮೆಡಿಕಲ್ ಶಾಪ್ ಅಲ್ಲ, ತಕ್ಷಣ ಆಸ್ಪತ್ರೆ, ಇಸಿಜಿ. ಶುಗರ್ ಇರೋರಿಗೆ, ಹೆಣ್ಮಕ್ಕಳಿಗೆ, ವಯಸ್ಸಾದೋರಿಗೆ ಎದೆನೋವೇ ಇಲ್ದೆ ಬರೀ ಸುಸ್ತು ಸಂಕಟ ವಾಂತಿ ಆಗಿ ಹಾರ್ಟ್ ಅಟ್ಯಾಕ್ ಆಗೋದೂ ಇದೆ.

2025ರ ಜೂನ್ ಜುಲೈಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿಲಿ ದಿನಾ ಬರ್ತಿತ್ತಲ್ಲ, ಆವಾಗ ಉಲ್ಟಾ ಆಯ್ತು. ಏನೂ ಇಲ್ದೋರೂ ಮೈಸೂರು ಜಯದೇವಕ್ಕೆ ಓಡಿದ್ರು, ನನ್ ಅಂಗಡಿ ಮುಂದೆ ಇಪ್ಪತ್ತೆರಡರ ಹುಡುಗ್ರು ಎದೆ ಹಿಡ್ಕೊಂಡು ನಿಂತಿದ್ರು. ಸರ್ಕಾರ ತಜ್ಞರ ಸಮಿತಿ ಮಾಡ್ತು, ಹಾಸನದಲ್ಲಿ ಹಠಾತ್ತಾಗಿ ಹೆಚ್ಚಾಗಿದೆ ಅನ್ನೋಕೆ ಆಧಾರ ಇಲ್ಲ ಅಂತ ವರದಿ ಬಂತು, ಅಷ್ಟೊತ್ತಿಗೆ ಭಯ ಮನೆ ಮನೆ ಸೇರಿತ್ತು. ಆ ಎರಡು ತಿಂಗ್ಳು ಬಂದೋರಿಗೆ ಕೂರಿಸಿ "ನಿಮ್ಗೆ ಏನಿಲ್ಲ, ಯಾಕಂದ್ರೆ ಹಿಂಗೆ" ಅಂತ ಎರಡು ಮಾತು ಬಿಡಿಸಿ ಹೇಳಿದ ಡಾಕ್ಟ್ರ ಹತ್ರ ಹೋದೋರು ನೆಮ್ಮದಿಯಾಗಿ ವಾಪಸ್ ಬಂದ್ರು. ಬರೀ "ಇಸಿಜಿ ನಾರ್ಮಲ್, ಹೋಗಿ" ಅನ್ಸ್ಕೊಂಡೋರು ಇನ್ನೊಂದು ಆಸ್ಪತ್ರೆಗೆ ಹೋದ್ರು.

ಡಾಕ್ಟ್ರು ಎರಡು ನಿಮಿಷನೂ ಕೊಡಲ್ಲ, ಏನಂತ ಹೇಳೋದು?

ನಿಜ, ತಳ್ಳಿ ಹಾಕಲ್ಲ. 67 ದೇಶದ ಲೆಕ್ಕ ಒಟ್ಟು ಹಾಕಿ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸ್ವೀಡನ್ನಲ್ಲಿ ಒಬ್ಬ ಪೇಷಂಟಿಗೆ 22 ನಿಮಿಷದ ಮೇಲೆ ಸಿಗುತ್ತೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ನಮ್ಮಲ್ಲಿ ಎರಡು ನಿಮಿಷದ ಚಿಲ್ಲರೆ. ಸರ್ಕಾರಿ ಓಪಿಲಿ ಸೋಮವಾರ ಒಂದ್ಸಲ ನಿಂತು ನೋಡಿ, ಆ ಡಾಕ್ಟ್ರಿಗೆ ನೀರು ಕುಡಿಯೋಕೂ ಪುರುಸೊತ್ತಿರಲ್ಲ. ಅವ್ರ ತಪ್ಪು ಏನೂ ಇಲ್ಲ ಅಂತಲ್ಲ, ಪೇಷಂಟು ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೇ ಡಾಕ್ಟ್ರು ಅಡ್ಡ ಬಾಯಿ ಹಾಕ್ತಾರೆ ಅಂತ ಅಮೆರಿಕದಲ್ಲಿ 1984ರಲ್ಲೇ ಲೆಕ್ಕ ಹಾಕಿದ್ರು, ಅಲ್ಲೇ ಹಂಗಾದ್ರೆ ನಮ್ಮ ಕಥೆ ಏನು.

ನಾನು ಹೇಳೋದು, ಇರೋ ಎರಡು ನಿಮಿಷಾನ ಪೋಲು ಮಾಡ್ಬೇಡಿ. ಕ್ಯೂಲಿ ಎರಡು ಗಂಟೆ ಕೂತಿರ್ತೀರಲ್ಲ, ಆವಾಗ ಓಪಿ ಚೀಟಿ ಹಿಂದೆ ಮೂರು ವಿಷ್ಯ ಬರ್ಕೊಳ್ಳಿ, ಜಾಸ್ತಿ ತೊಂದ್ರೆ ಕೊಡ್ತಿರೋದು ಮೊದ್ಲು. ನಮ್ಮೋರು ಮಾಡೋದೇನಂದ್ರೆ ಕೆಮ್ಮು, ನೆಗಡಿ, ಮಂಡಿನೋವು ಎಲ್ಲ ಹೇಳಿ ಮಾತ್ರೆ ಬರ್ಸ್ಕೊಂಡು ಎದ್ದು ಬಾಗ್ಲತ್ರ ಹೋಗಿ, ಚಪ್ಲಿ ಹಾಕ್ಕೋತಾ "ಇನ್ನೊಂದು ಸಾರ್, ಮೂತ್ರದಲ್ಲಿ ಸ್ವಲ್ಪ ರಕ್ತ ಬರ್ತದೆ" ಅಂತಾರೆ! ಅದಕ್ಕೇ ಬಂದಿರೋದು, ಅದನ್ನೇ ಕೊನೆಗೆ ಹೇಳೋದು.

ಹೊರಗೆ ಬರೋ ಮುಂಚೆ ಒಂದೇ ಒಂದು ಕೆಲ್ಸ ಮಾಡಿ, ಹೂಂ ಅನ್ನೋ ಬದ್ಲು ತಿರುಗಿ ಹೇಳಿ ತೋರ್ಸಿ. "ಸಾರ್, ಬೆಳಗ್ಗೆ ತಿಂಡಿ ಆದ್ಮೇಲೆ ಇದು, ರಾತ್ರಿ ಮಲಗೋವಾಗ ಇದು, ಹದಿನೈದು ದಿನ ಬಿಟ್ಟು ಬರೋದು, ನಡುವೆ ಕಾಲು ಊದಿದ್ರೆ ಮೊದ್ಲೇ ಬರೋದು, ಸರಿನಾ ಸಾರ್?" ಹತ್ತು ಸೆಕೆಂಡು. ತಪ್ಪಿದ್ರೆ ಅಲ್ಲೇ ತಿದ್ದುತಾರೆ.

ಎಣ್ಣೆ ವಿಷ್ಯ ಹೇಳಿದ್ರೆ ಬೈತಾರೆ, ಮುಚ್ಚಿಟ್ರೆ ಏನಾಗುತ್ತೆ?

ನನ್ ಸ್ವಂತ ಮಾವಂದೇ ಹೇಳ್ತೀನಿ. ಸ್ಕೂಟರ್ನಿಂದ ಬಿದ್ದು ತೊಡೆ ಮೂಳೆ ಮುರಿದು ಒಂದು ಆಸ್ಪತ್ರೆಗೆ ಸೇರ್ಸಿದ್ವಿ. ಕುಡೀತೀರಾ ಅಂತ ನರ್ಸಮ್ಮ ಕೇಳಿದಾಗ ಅತ್ತೆ ಪಕ್ಕದಲ್ಲೇ ನಿಂತಿದ್ರು, ಮಾವ "ಯಾವಾಗ್ಲೋ ಹಬ್ಬಕ್ಕೆ" ಅಂದ್ರು. ನಂಗೆ ಗೊತ್ತಿತ್ತು ದಿನಾ ಸಂಜೆ ಕ್ವಾರ್ಟರ್ ಅಂತ, ನಾನೂ ಸುಮ್ನಿದ್ದೆ, ಮಾವನ ಮರ್ಯಾದೆ ಅಂತ. ಮೂರನೇ ದಿನ ರಾತ್ರಿ ಕೈ ಗಡಗಡ, ಮೈಯೆಲ್ಲ ಬೆವರು, ಗೋಡೆ ಮೇಲೆ ಇರುವೆ ಹರೀತಾವೆ ಅಂತ ಕೂಗಾಟ, ಮುರಿದ ಕಾಲಲ್ಲೇ ಮಂಚ ಇಳಿಯೋಕೆ ಹೊರಟ್ರು. ಮನೆಯೋರು ದೆವ್ವ ಮೆಟ್ಕೊಂಡಿದೆ ಅಂದ್ರು, ಡ್ಯೂಟಿ ಡಾಕ್ಟ್ರು ತಲೆಗೆ ಪೆಟ್ಟಾಗಿದ್ಯೇನೋ ಅಂತ ಸ್ಕ್ಯಾನಿಂಗ್ ಮಾಡ್ಸಿದ್ರು. ದಿನಾ ಕುಡಿಯೋರು ದಿಢೀರ್ ಅಂತ ನಿಲ್ಸಿದ್ರೆ ಎರಡು ಮೂರು ದಿನಕ್ಕೆ ಹಿಂಗಾಗುತ್ತೆ, ಫಿಟ್ಸೂ ಬರ್ಬಹುದು, ಪ್ರಾಣನೂ ಹೋಗ್ಬಹುದು, ಮುಂಚೆನೇ ಗೊತ್ತಿದ್ರೆ ಅದಕ್ಕೆ ಔಷಧಿ ಇದೆ. ನಾನು ಬಾಯಿ ಬಿಟ್ಟ ಮೇಲೆ ಔಷಧಿ ಶುರು ಆಯ್ತು. ಆಗ್ಲೇ ಹದಿನೈದು ವರ್ಷ ಮಾತ್ರೆ ಮಾರಿದ್ದೋನು ನಾನೇ ಹಂಗೆ ಮಾಡಿದೀನಿ, ಇನ್ ಬೇರೆಯವರನ್ನ ಏನನ್ಲಿ. ಹೆಂಡ್ತಿ ಮಕ್ಳ ಮುಂದೆ ಹೇಳೋಕೆ ಆಗಲ್ಲ ಅಂದ್ರೆ "ಸಾರ್, ಒಂದ್ನಿಮಿಷ ಒಬ್ಬನೇ ಮಾತಾಡ್ಬೇಕು" ಅನ್ನಿ. ನೀವು ಹೇಳಿದ್ದನ್ನ ಗುಟ್ಟಾಗಿ ಇಡ್ಬೇಕಾದ್ದು ಅವ್ರ ವೃತ್ತಿ ನಿಯಮ.

ತಂಬಾಕು, ನಾಟಿ ಔಷಧಿ, ಯಾರೋ ಕೊಟ್ಟ ಪೊಟ್ಟಣದ ಪುಡಿ ಎಲ್ಲಕ್ಕೂ ಇದೇ ಉತ್ತರ.

ಜ್ವರಕ್ಕೆ ಹೋದ್ರೆ ಏನ್ ಕೆಲ್ಸ ಮಾಡ್ತೀರ ಅಂತ ಯಾಕೆ ಕೇಳ್ತಾರೆ?

ನಮ್ಮ ಮಲೆನಾಡು ಸೀಮೆಲಿ ಅದು ದೊಡ್ಡ ಪ್ರಶ್ನೆ. ಗದ್ದೆ ನೀರಲ್ಲಿ ನಿಂತು ನಾಟಿ ಮಾಡಿದೀರ, ಕಾಲಲ್ಲಿ ಗಾಯ ಇತ್ತು ಅಂದ್ರೆ ಇಲಿ ಜ್ವರ ತಲೆಗೆ ಬರುತ್ತೆ. ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ಕಡೆ ಕಾಡಿಗೆ ಸೊಪ್ಪು ಸೌದೆ ತರೋಕೆ ಹೋಗಿದ್ರಿ, ಉಣುಗು ಕಚ್ಚಿತ್ತು, ಸುತ್ತಮುತ್ತ ಮಂಗ ಸತ್ತಿದ್ವು ಅಂದ್ರೆ ಮಂಗನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು ಇವತ್ತಿಗೂ ಬಿಟ್ಟಿಲ್ಲ. ಬರೀ "ಜ್ವರ, ಮೈಕೈ ನೋವು" ಅಂದ್ರೆ ಇವೆಲ್ಲ ಒಂದೇ ಥರ ಕಾಣ್ತವೆ. ತೋಟಕ್ಕೆ ಔಷಧಿ ಹೊಡೆದು ತಲೆ ಸುತ್ತಿ ವಾಂತಿ ಆದ್ರೆ ಆ ಡಬ್ಬನೇ ತಗೊಂಡ್ ಹೋಗಿ, ಅದ್ರ ಮೇಲಿನ ಹೆಸರು ನೋಡಿ ಟ್ರೀಟ್ಮೆಂಟ್ ಕೊಡ್ತಾರೆ.

ಪಥ್ಯ ಏನಾದ್ರೂ ಇದ್ಯಾ ಅಂದ್ರೆ ‘ಎಲ್ಲಾ ತಿನ್ನಿ’ ಅಂತಾರೆ, ಬದನೆಕಾಯಿ ನಂಜಲ್ವಾ?

ಡಾಕ್ಟ್ರ ಪುಸ್ತಕದಲ್ಲಿ ನಂಜು ಅನ್ನೋದು ಇಲ್ಲ, ನಮ್ಮ ಅಡುಗೆಮನೇಲಿ ಇದೆ. ಅವ್ರು ಎಲ್ಲಾ ತಿನ್ನಿ ಅಂದಿದ್ದು ಗಾಯ ಮಾಗೋಕೆ ಪ್ರೋಟೀನ್ ಬೇಕು ಅಂತ, ಮನೇಲಿ ಅತ್ತೆ ಆಪರೇಷನ್ ಆದ ಸೊಸೆಗೆ ತಿಂಗ್ಳು ಬರೀ ಅನ್ನ ತಿಳಿಸಾರು ಹಾಕಿ ಒಣಗಿಸಿರ್ತಾರೆ. ಹಂಗೇ ‘ಎಲ್ಲಾ ತಿನ್ನಿ’ ಅಂದಿದ್ದನ್ನ ಶುಗರ್ ಇರೋ ಯಜಮಾನ್ರು ಹೋಳಿಗೆಗೂ ಸೇರಿಸ್ಕೋತಾರೆ. ಹೆಸರು ಹಿಡಿದು ಕೇಳಿ. ಮೊಟ್ಟೆ ತಿನ್ಬಹುದಾ, ಮುದ್ದೆ ಎಷ್ಟು, ಉಪ್ಪಿನಕಾಯಿ, ಹಣ್ಣಲ್ಲಿ ಬಾಳೆಹಣ್ಣಾ ಮಾವಿನಹಣ್ಣಾ. ಡಾಕ್ಟ್ರುಗಳೂ ಓದ್ತಿದ್ರೆ ಒಂದ್ಮಾತು, ನಂಜು ಉಷ್ಣ ಅಂದಾಗ ನಗ್ಬೇಡಿ, ನಕ್ರೆ ಮುಂದಿನ ಪ್ರಶ್ನೆ ನಿಮ್ಗೆ ಬರಲ್ಲ, ನಂಗೆ ಬರುತ್ತೆ.

ಹೆಣ್ಮಕ್ಕಳ ತೊಂದ್ರೆನ ಗಂಡಸು ಡಾಕ್ಟ್ರಿಗೆ ಹೆಂಗೆ ಹೇಳೋದು?

ಲೇಡಿ ಡಾಕ್ಟ್ರಿದ್ರೆ ಅವ್ರನ್ನೇ ಕೇಳಿ, ಇಲ್ಲಾಂದ್ರೆ ಸಿಸ್ಟರ್ ಹತ್ರ ಹೇಳಿ ಅವ್ರು ಒಳಗೆ ಹೇಳ್ತಾರೆ. ‘ಹೊರಗಾಗಿದೀನಿ’, ‘ತಿಂಗಳದು’, ‘ಬಿಳಿ ಹೋಗುತ್ತೆ’ ಅನ್ನೋದೆಲ್ಲ ಇಲ್ಲಿ ಕೆಲ್ಸ ಮಾಡೋರಿಗೆ ಅರ್ಥ ಆಗುತ್ತೆ, ದೂರದಿಂದ ಬಂದ ಹೊಸ ಡಾಕ್ಟ್ರಿಗೆ ಆಗ್ದೇ ಇರ್ಬಹುದು, ಮುಟ್ಟು ಅಂತಲೇ ನೇರವಾಗಿ ಹೇಳಿ. ಕೊನೇ ಮುಟ್ಟಿನ ತಾರೀಕು ಬರೆದಿಟ್ಕೊಂಡಿದ್ರೆ ಅರ್ಧ ಕೆಲ್ಸ ಆದಂಗೆ. ಇನ್ನೊಂದು, ಜೊತೆಗೆ ಬಂದ ಗಂಡಂದಿರು ದಯವಿಟ್ಟು ಬಾಯಿ ಮುಚ್ಕೊಂಡಿರಿ, ಹೊಟ್ಟೆನೋವು ಆಕೆಗೆ, ಉತ್ತರ ಎಲ್ಲ ನಿಮ್ದು.

ರಿಪೋರ್ಟ್ ನೆಗೆಟಿವ್ ಅಂತೆ, ಕೈ ಬಿಟ್ಟಂಗಾ?

ಇಲ್ಲ ಇಲ್ಲ, ಕಾಯಿಲೆ ಸಿಗ್ಲಿಲ್ಲ ಅಂತ. ಪಾಸಿಟಿವ್ ಅಂದ್ರೆ ಇದೆ ಅಂತ. ಒಬ್ರು ಟಿಬಿ ಪಾಸಿಟಿವ್ ಅಂತ ಬಂದಿದ್ದಕ್ಕೆ ಖುಷಿಯಾಗಿ ಪೇಡ ಹಿಡ್ಕೊಂಡು ಬಂದಿದ್ರು.

ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಅಂತ ಡಾಕ್ಟ್ರಿಗೆ ಹೇಳ್ಬಹುದಾ?

ತುಂಬಾ ಮನೆಗಳಲ್ಲಿ ಹೇಳ್ತಾರೆ, ಡಾಕ್ಟ್ರುಗಳೂ ಸುಮಾರು ಸಲ ಒಪ್ಕೋತಾರೆ. ನಂಗೆ ಅದು ಇಷ್ಟ ಇಲ್ಲ. ಕೂದಲು ಉದುರ್ತಾ ಇರೋ ಮನುಷ್ಯಂಗೆ ಗೊತ್ತಾಗಲ್ವಾ? ಒಬ್ರು ಯಜಮಾನ್ರು ಮಗ ಬೈಕ್ ನಿಲ್ಸೋಕೆ ಹೋದಾಗ ಚೀಟಿ ನನ್ ಕಡೆ ತಳ್ಳಿ, ಮೆಲ್ಲಗೆ "ಇದು ಕ್ಯಾನ್ಸರ್ ಮಾತ್ರೆ ತಾನೆ? ನಂಗೊತ್ತು, ಮಗಂಗೆ ನಂಗೊತ್ತು ಅಂತ ಹೇಳ್ಬೇಡ, ಪಾಪ ಹೆದ್ರುಕೋತಾನೆ" ಅಂದ್ರು. ಮಗ ಬಂದು ಅಪ್ಪಂಗೆ ಕೇಳಿಸ್ದೇ ಇರೋ ಹಂಗೆ "ಗ್ಯಾಸ್ಟ್ರಿಕ್ ಮಾತ್ರೆ ಅಂತಾನೇ ಹೇಳಣ್ಣ" ಅಂತ ಕಣ್ಸನ್ನೆ ಮಾಡ್ದ. ಇಬ್ರ ನಡುವೆ ನಾನು ಬಿಲ್ ಹಾಕ್ತಾ ನಿಂತಿದ್ದೆ. ಅವ್ರಿಗೆ ಜಮೀನು ಪಾಲು ಮಾಡೋದಿತ್ತು, ಮಗಳನ್ನ ನೋಡೋದಿತ್ತು, ಯಾರ ಹತ್ರನೂ ಮಾತಾಡೋಕೆ ಆಗ್ಲಿಲ್ಲ. ಎಷ್ಟು ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋದನ್ನ ಡಾಕ್ಟ್ರ ಹತ್ರ ಕೂತು ಮಾತಾಡಿ, ಅಪ್ಪನ್ನೇ "ನಿಮ್ಗೆ ಎಲ್ಲ ತಿಳ್ಕೋಬೇಕು ಅನ್ಸುತ್ತಾ" ಅಂತ ಕೇಳಿ.

ಆಪರೇಷನ್ಗೆ ಮುಂಚೆ ಸೈನ್ ಹಾಕು ಅಂತಾರೆ, ಓದೋಕೆ ಬಿಡಲ್ಲ, ಏನ್ ಮಾಡೋದು?

ಓದಿ, ಇಲ್ಲಾಂದ್ರೆ ಓದಿಸ್ಕೊಳ್ಳಿ. ಏನ್ ಮಾಡ್ತಾರೆ, ಮಾಡ್ದಿದ್ರೆ ಏನಾಗುತ್ತೆ, ಬೇರೆ ದಾರಿ ಇದ್ಯಾ, ಅಪಾಯ ಏನು, ಈ ನಾಲ್ಕು ಕೇಳೋದು ನಿಮ್ಮ ಹಕ್ಕು. ಸಮೀರಾ ಕೊಹ್ಲಿ ಕೇಸಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪರೀಕ್ಷೆಗೆ ಅಂತ ಕೊಟ್ಟ ಒಪ್ಪಿಗೇಲಿ ಆಪರೇಷನ್ ಮಾಡಿ ಮುಗಿಸೋ ಹಂಗಿಲ್ಲ, ಜೀವ ಉಳಿಸೋ ತುರ್ತು ಇದ್ರೆ ಮಾತ್ರ ಬೇರೆ. ಆ ಕೇಸಲ್ಲಿ ಮಗಳು ಅನಸ್ತೇಶಿಯಾಲಿದ್ದಾಗ ತಾಯಿ ಹತ್ರ ಒಪ್ಪಿಗೆ ತಗೊಂಡಿದ್ರು, ಅದು ನಡಿಯಲ್ಲ ಅಂತು ಕೋರ್ಟು.

ಡಿಸ್ಚಾರ್ಜ್ ಆದ್ಮೇಲೆ ರೆಕಾರ್ಡ್ಸ್ ಬೇಕು ಅಂತ ಬರೆದು ಕೊಟ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಿದ್ರೆ ನಾಳೆ ಬಾ ಅಂತಾರೆ, ಬರೆದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.

ಬಸುರಿ ಸ್ಕ್ಯಾನಿಂಗಲ್ಲಿ ಏನ್ ಮಗು ಅಂತ ಯಾಕೆ ಹೇಳಲ್ಲ?

1994ರ ಕಾಯ್ದೆ ಪ್ರಕಾರ ಹೇಳಿದ್ರೂ ಅಪರಾಧ, ಕೇಳಿದ್ರೂ ಅಪರಾಧ. ನನ್ ಹತ್ರನೂ ಕೇಳ್ಬೇಡಿ. ಮಗು ಬೆಳವಣಿಗೆ ಹೆಂಗಿದೆ, ನೀರು ಸಾಕಷ್ಟಿದ್ಯಾ, ಮುಂದಿನ ಸ್ಕ್ಯಾನಿಂಗ್ ಯಾವಾಗ, ಅದನ್ನ ಕೇಳಿ.

ಇಂಜೆಕ್ಷನ್ನೂ ಹಾಕ್ಲಿಲ್ಲ ಗ್ಲೂಕೋಸೂ ಏರಿಸ್ಲಿಲ್ಲ, ಅದೆಂಥಾ ಡಾಕ್ಟ್ರು?

ಒಳ್ಳೆ ಡಾಕ್ಟ್ರು. ಬಾಯಲ್ಲಿ ತಗೋಬಹುದಾದ್ರೆ ಮಾತ್ರೆನೇ ಸಾಕು, ಸುಸ್ತಿಗೆ ಏರಿಸೋ ಬಾಟ್ಲಿಲಿ ಇರೋದು ಉಪ್ಪು ನೀರೋ ಸಕ್ಕರೆ ನೀರೋ ಅಷ್ಟೇ. ಆದ್ರೆ ಅವ್ರು "ಯಾಕೆ ಹಾಕಿಲ್ಲ" ಅಂತ ಒಂದು ಮಾತು ಹೇಳಿದ್ರೆ ನೀವು ಪಕ್ಕದ ಬೀದಿ ಕ್ಲಿನಿಕ್ಕಿಗೆ ಹೋಗಿ ಹಾಕಿಸ್ಕೊಳ್ತಿರ್ಲಿಲ್ಲ, ಅದೂ ನಿಜ.

ಡಾಕ್ಟ್ರು ಸರಿಯಾಗಿ ಮಾತಾಡ್ಲಿಲ್ಲ, ಯಾರಿಗೆ ಹೇಳೋದು?

ಮೊದ್ಲು ಅದೇ ಆಸ್ಪತ್ರೆ ಸೂಪರಿಂಟೆಂಡೆಂಟ್ ಹತ್ರ. ಪ್ರೈವೇಟ್ ಆಸ್ಪತ್ರೆ ಆದ್ರೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ ಕಾಯ್ದೆ) ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಲಿ ಜಿಲ್ಲಾ ಪ್ರಾಧಿಕಾರ ಇದೆ, ಡಿಎಚ್ಓ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಲ್ಲಿ ದೂರು ಕೊಡ್ಬಹುದು. ಬರೀ ಸಲಹೆ, ಮಾಹಿತಿ ಬೇಕು ಅಂದ್ರೆ 104ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ನಾಲ್ಕು ಜನ ಕರ್ಕೊಂಡ್ ಹೋಗಿ ಗಲಾಟೆ ಮಾಡೋದು ಬೇಡ, 2009ರ ರಾಜ್ಯ ಕಾಯ್ದೆಲಿ ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದ್ರೆ ಜೈಲು. ನಾನು ನೋಡಿದ ಮುಕ್ಕಾಲು ಪಾಲು ಗಲಾಟೆಲಿ ಟ್ರೀಟ್ಮೆಂಟ್ ತಪ್ಪಿರ್ಲಿಲ್ಲ, ಐಸಿಯು ಒಳಗೆ ಏನಾಗ್ತಿದೆ ಅಂತ ಹೊರಗೆ ಬೆಂಚಿನ ಮೇಲೆ ಕೂತೋರಿಗೆ ಆರು ಗಂಟೆ ಯಾರೂ ಬಂದು ಹೇಳಿರ್ಲಿಲ್ಲ.

ಹಳೇ ಚೀಟಿ, ಎಕ್ಸ್ರೇ ಎಲ್ಲ ಬಿಸಾಕ್ಬಹುದಾ?

ಬೇಡ. ಒಂದು ಪ್ಲಾಸ್ಟಿಕ್ ಫೈಲಿಗೆ ತಾರೀಕು ಪ್ರಕಾರ ಹಾಕಿಡಿ, ಹೊಸದು ಮೇಲೆ. ಮೊದಲನೇ ಹಾಳೇಲಿ ಯಾವ್ ಮಾತ್ರೆ ಆಗಿ ಬರಲ್ಲ ಅನ್ನೋದನ್ನ ಕೆಂಪು ಪೆನ್ನಲ್ಲಿ ಬರೀರಿ. ಇಸಿಜಿ ಕಾಗದ ಮಾತ್ರ ಒಂದು ಜೆರಾಕ್ಸ್ ಮಾಡ್ಸಿ ಇಟ್ಕೊಳ್ಳಿ, ಆ ಹೊಳಪಿನ ಕಾಗದದ ಮೇಲಿನ ಗೆರೆ ಒಂದೆರಡು ವರ್ಷಕ್ಕೆ ಮಾಸಿ ಹೋಗುತ್ತೆ. ಅಟ್ಟದ ಮೇಲೆ ಕಾಫಿ ಚೀಲದ ಪಕ್ಕ ಇಡ್ಬೇಡಿ, ಇಲಿ ಕಡಿದ ಎಕ್ಸ್ರೇ ತಗೊಂಡು ಬಂದೋರೂ ಇದಾರೆ.